ಅಲ್ಯೂಮಿನಿಯಂ ಎರಕಕ್ಕೆ ಬಲ ಬರುವ ಬಗೆ



ಕೆಲವು ವರ್ಷಗಳ ಹಿಂದಿನ ಮಾತು. ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲ ಔಷಧಿ ಹೊಡೆಯುವ ಸಮಯ. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಬೋರ್ಡೋ ದ್ರಾವಣ ಸಿದ್ಧವಾಗಿತ್ತು, ಆಳುಗಳೂ ಬಂದಿದ್ದರು. ಅಷ್ಟರಲ್ಲಿ ನಮ್ಮ ಪವರ್ ಸ್ಪ್ರೇಯರಿನ ಪಂಪನ್ನು ಚೌಕಟ್ಟಿಗೆ ಬಿಗಿಯುವ ಅಲ್ಯೂಮಿನಿಯಂ ಕಾಲು ಬಿರುಕು ಬಿಟ್ಟಿತು. ಪೇಟೆಗೆ ಒಯ್ದು ಗ್ಯಾಸ್ ಬೆಸುಗೆ ಹಾಕಿಸಿ ಅಂದೇ ಸಂಜೆ ತಂದು ಕೂರಿಸಿದೆ. ಮರುದಿನ ಮಧ್ಯಾಹ್ನದೊಳಗೆ ಅದು ಮತ್ತೆ ಮುರಿಯಿತು. ಬೆಸುಗೆ ಹಾಕಿದಾತ ಅದನ್ನು ತಿರುಗಿಸಿ ನೋಡಿ, "ನನ್ನ ಬೆಸುಗೆ ಬಿಟ್ಟಿಲ್ಲ ನೋಡಿ ಅಣ್ಣಾ, ಪಕ್ಕದಲ್ಲಿ ಮುರಿದಿದೆ" ಎಂದ. ಅವನ ಮಾತು ನಿಜವಾಗಿತ್ತು. ಬೆಸುಗೆಯ ಗೆರೆ ಗಟ್ಟಿಯಾಗಿಯೇ ಇತ್ತು. ಅದರಿಂದ ಒಂದು ಬೆರಳಗಲ ಆಚೆ, ಮೊದಲು ಬಿರುಕೇ ಇಲ್ಲದಿದ್ದ ಜಾಗದಲ್ಲಿ, ಲೋಹ ಬಾಗಿ ತುಂಡಾಗಿತ್ತು. ಹೊಸ ಬಿಡಿಭಾಗ ಬರುವಷ್ಟರಲ್ಲಿ ಮಳೆ ಹಿಡಿಯಿತು. ತೋಟದ ಕೆಳಭಾಗದ ಮರಗಳ ಬುಡದಲ್ಲಿ ಕೊಳೆತು ಉದುರಿದ ಕಾಯಿಗಳನ್ನು ಆರಿಸಿದ್ದು ಇನ್ನೂ ಮರೆತಿಲ್ಲ.

ಹೊಸದಾಗಿ ಬಂದ ಕಾಲಿನ ಒಳಮೈಯಲ್ಲಿ 'ಎಲ್‌ಎಂ 25 ಟಿಎಫ್' ಎಂಬ ಅಚ್ಚು ಇತ್ತು. ಎಲ್‌ಎಂ 25 ಎಂಬುದು ಮಿಶ್ರಲೋಹದ ಹೆಸರು. ಟಿಎಫ್ ಎಂಬುದು ಅದನ್ನು ಕಾಯಿಸಿ ಹದಗೊಳಿಸಿದ ಕ್ರಮದ ಗುರುತು. ಹಳೆಯ ಕಾಲು ಮುರಿದ ಕಾರಣ ಆ ಕೊನೆಯ ಎರಡು ಅಕ್ಷರಗಳಲ್ಲಿತ್ತು. ಇಂದು ನಮ್ಮ ತೋಟಗಳಲ್ಲಿ ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರ, ಪಂಪ್‌ಸೆಟ್ ಎಲ್ಲದರಲ್ಲೂ ಎರಕದ ಅಲ್ಯೂಮಿನಿಯಂ ಇದೆ. ಆದ್ದರಿಂದ ಆ ಲೋಹಕ್ಕೆ ಬಲ ಎಲ್ಲಿಂದ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ನಾವೂ ತಿಳಿದಿರುವುದು ಒಳ್ಳೆಯದು.

ಶುದ್ಧ ಲೋಹ ಏಕೆ ಮೆತ್ತಗೆ?

ಅಲ್ಯೂಮಿನಿಯಂ ಹಗುರ. ಒಂದೇ ಗಾತ್ರದ ಕಬ್ಬಿಣದ ತೂಕದ ಸುಮಾರು ಮೂರನೇ ಒಂದು ಪಾಲು ಮಾತ್ರ ತೂಗುತ್ತದೆ. ಶಾಖವನ್ನು ಬೇಗ ಹೊರಹಾಕುತ್ತದೆ. 660 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುವುದರಿಂದ ಎರಕ ಹೊಯ್ಯುವುದೂ ಸುಲಭ. ಆದರೆ ಶುದ್ಧ ಅಲ್ಯೂಮಿನಿಯಂ ಬಲು ಮೆತ್ತಗಿನ ಲೋಹ. ಹೊರೆ ಹೊರುವ ಯಂತ್ರಭಾಗಕ್ಕೆ ಅದೊಂದೇ ಸಾಲದು.

ಲೋಹ ಬಾಗುವುದೆಂದರೆ ಅದರ ಒಳಗಿನ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದು. ಇಡೀ ಪದರ ಒಮ್ಮೆಗೇ ಜಾರುವುದಿಲ್ಲ. ಪರಮಾಣುಗಳ ಜೋಡಣೆಯಲ್ಲಿ ಸಣ್ಣ ದೋಷದ ಗೆರೆಗಳು ಇರುತ್ತವೆ. ಅವು ಈ ತುದಿಯಿಂದ ಆ ತುದಿಗೆ ಹರಿದುಹೋದಂತೆ ಪದರ ಒಂದೊಂದು ಹೆಜ್ಜೆ ಸರಿಯುತ್ತದೆ. ಶುದ್ಧ ಲೋಹದಲ್ಲಿ ಈ ಗೆರೆಗಳಿಗೆ ಅಡ್ಡಿಯೇ ಇಲ್ಲ.

ಇಳಿಜಾರಿನ ಕಾಫಿ ತೋಟವನ್ನು ನೆನೆಯಿರಿ. ಬರಿ ನೆಲದ ಮೇಲೆ ಮಳೆನೀರು ತಡೆಯಿಲ್ಲದೆ ಹರಿದು ಮಣ್ಣು ಕೊಚ್ಚಿಹೋಗುತ್ತದೆ. ಅದಕ್ಕೇ ನಾವು ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆಯುತ್ತೇವೆ. ಸಣ್ಣ ಗುಂಡಿಗಳು ಹತ್ತಿರ ಹತ್ತಿರ ಇದ್ದರೆ ನೀರು ಅಲ್ಲಲ್ಲೇ ನಿಲ್ಲುತ್ತದೆ. ಅಷ್ಟೇ ಮಣ್ಣು ತೆಗೆದು ದೂರ ದೂರ ಎರಡೇ ದೊಡ್ಡ ಗುಂಡಿ ಮಾಡಿದರೆ ನೀರು ನಡುವಿನಿಂದ ನುಸುಳಿ ಹೋಗುತ್ತದೆ. ಲೋಹಕ್ಕೆ ಬಲ ಕೊಡುವ ಕ್ರಮವೂ ಇದೇ. ಜಾರುವ ಗೆರೆಗಳ ದಾರಿಯಲ್ಲಿ ಸಣ್ಣ ಅಡ್ಡಿಗಳನ್ನು ಒತ್ತೊತ್ತಾಗಿ ಇಡಬೇಕು. ಈ ಹೋಲಿಕೆ ಮುಂದೆಯೂ ಬೇಕಾಗುತ್ತದೆ.

ಬೆರಕೆಯ ಗುಣಗಳು

ಅಡ್ಡಿ ಇಡುವ ಮೊದಲ ಉಪಾಯ ಬೇರೆ ಧಾತುಗಳನ್ನು ಬೆರೆಸುವುದು. ಎರಕದ ಅಲ್ಯೂಮಿನಿಯಂನಲ್ಲಿ ಮುಖ್ಯವಾಗಿ ಬೆರೆಸುವ ಧಾತುಗಳು ಇವು:

ಸಿಲಿಕಾನ್: ಇದು ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುವಂತೆ ಮಾಡುತ್ತದೆ. ಆರುವಾಗ ಕುಗ್ಗಿ ಬಿರುಕು ಬಿಡುವುದನ್ನು ಕಡಿಮೆ ಮಾಡುತ್ತದೆ. ಶೇಕಡಾ 12ರ ಆಸುಪಾಸಿನ ಸಿಲಿಕಾನ್ ಇದ್ದರೆ ಮಿಶ್ರಲೋಹ 577 ಡಿಗ್ರಿಯಲ್ಲಿಯೇ ಕರಗುತ್ತದೆ. ಆದರೆ ಸಿಲಿಕಾನಿನ ಹರಳುಗಳು ಸಹಜವಾಗಿ ಚೂಪಾದ ಚಕ್ಕೆಗಳಂತೆ ಬೆಳೆಯುತ್ತವೆ. ಆ ಚೂಪು ಅಂಚುಗಳಲ್ಲೇ ಬಿರುಕು ಹುಟ್ಟುತ್ತದೆ. ಕರಗಿದ ಲೋಹಕ್ಕೆ ಸೋಡಿಯಂ ಲವಣ ಹಾಕಿದರೆ ಈ ಚಕ್ಕೆಗಳು ನವಿರಾದ ಎಳೆಗಳಾಗುತ್ತವೆ ಎಂದು 1920ರ ಸುಮಾರಿಗೆ ಅಲಡಾರ್ ಪಾಜ್ ಎಂಬವರು ತೋರಿಸಿದರು. ಇಂದು ಈ ಕೆಲಸಕ್ಕೆ ಸ್ಟ್ರಾನ್ಷಿಯಂ ಹೆಚ್ಚು ಬಳಕೆಯಲ್ಲಿದೆ. ಶೇಕಡಾ 0.02ರಷ್ಟು ಇದ್ದರೂ ಅದು ಕೆಲಸ ಮಾಡುತ್ತದೆ.

ಮೆಗ್ನೀಸಿಯಂ: ಪ್ರಮಾಣ ಅತಿ ಅಲ್ಪ, ಫಲ ದೊಡ್ಡದು. ನಮ್ಮ ಎಲ್‌ಎಂ 25ರಲ್ಲಿ ಸಿಲಿಕಾನ್ ಶೇಕಡಾ 7ರಷ್ಟಿದ್ದರೆ ಮೆಗ್ನೀಸಿಯಂ ಅರ್ಧ ಶೇಕಡಾದ ಆಸುಪಾಸು. ಇದು ಸಿಲಿಕಾನಿನೊಂದಿಗೆ ಸೇರಿ, ಮುಂದೆ ಹೇಳುವ ಹದದಲ್ಲಿ ಬಲ ಕೊಡುವ ಕಣಗಳನ್ನು ಕಟ್ಟುತ್ತದೆ.

ತಾಮ್ರ: ಇದೂ ಹದಕ್ಕೆ ಒಲಿಯುವ ಧಾತು. ಬಿಸಿಯಲ್ಲೂ ಬಲ ಉಳಿಸಿಕೊಳ್ಳುವುದರಿಂದ ಎಂಜಿನ್ ತಲೆಗಳಿಗೆ ಉಪಯುಕ್ತ. ಆದರೆ ತಾಮ್ರ ಹೆಚ್ಚಿದಷ್ಟೂ ಲೋಹ ತೇವ, ಉಪ್ಪುಗಳಿಗೆ ಬೇಗ ತಿನ್ನಿಸಿಕೊಳ್ಳುತ್ತದೆ.

ನಿಕ್ಕಲ್: ಪಿಸ್ಟನ್‌ಗಳಂತೆ ಸದಾ ಬಿಸಿಯಲ್ಲಿ ದುಡಿಯುವ ಭಾಗಗಳಿಗೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ರೂಪುಗೊಂಡ 'ವೈ' ಮಿಶ್ರಲೋಹದಲ್ಲಿ ತಾಮ್ರ ಶೇಕಡಾ 4, ನಿಕ್ಕಲ್ 2, ಮೆಗ್ನೀಸಿಯಂ 1.5 ಇದ್ದವು.

ಕಬ್ಬಿಣ: ಇದು ಸಾಮಾನ್ಯವಾಗಿ ಬೇಡದ ಅತಿಥಿ. ಗುಜರಿಯ ಜೊತೆ ಬಂದ ಬೋಲ್ಟು, ತಿರುಪು, ಕಬ್ಬಿಣದ ಸೌಟು ಇವುಗಳಿಂದ ಸೇರುತ್ತದೆ. ಒಮ್ಮೆ ಸೇರಿದರೆ ತೆಗೆಯುವುದು ಬಲು ಕಷ್ಟ. ಸೂಜಿಯಂಥ ಹರಳುಗಳಾಗಿ ಲೋಹವನ್ನು ಪೆಡಸು ಮಾಡುತ್ತದೆ. ಯಾವುದೋ ಗುಜರಿ ಕರಗಿಸಿ ಎರೆದ ಅಗ್ಗದ ಬಿಡಿಭಾಗ ಹೊಸದರಂತೆಯೇ ಹೊಳೆದರೂ ಬೇಗ ಸೀಳುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ತೇವ. ತೇವದಿಂದ ಹುಟ್ಟುವ ಜಲಜನಕ ಕರಗಿದ ಅಲ್ಯೂಮಿನಿಯಂನಲ್ಲಿ ಸೇರಿಕೊಳ್ಳುತ್ತದೆ, ಲೋಹ ಗಟ್ಟಿಯಾಗುವಾಗ ಹೊರಬಂದು ಒಳಗೆ ಗುಳ್ಳೆಗಳಾಗಿ ಉಳಿಯುತ್ತದೆ. ಒಳ್ಳೆಯ ಎರಕದ ಮನೆಯವರು ಒಣ ಲೋಹವನ್ನೇ ಹಾಕಿ, ಹೊಯ್ಯುವ ಮೊದಲು ಅನಿಲ ತೆಗೆಯುತ್ತಾರೆ. ಗುಳ್ಳೆ ತುಂಬಿದ ಎರಕಕ್ಕೆ ಯಾವ ಹದ ಕೊಟ್ಟರೂ ಪ್ರಯೋಜನವಿಲ್ಲ.

ಶನಿವಾರ ಮೆತ್ತಗಿದ್ದದ್ದು ಸೋಮವಾರ ಗಡಸು

ಬೆರಕೆ ಮಾತ್ರದಿಂದ ಬರುವ ಬಲಕ್ಕೆ ಮಿತಿಯಿದೆ. ಅದನ್ನು ದಾಟುವ ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ.

ನಮ್ಮೂರ ಕಮ್ಮಾರ ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಉಕ್ಕು ಆ ಕ್ಷಣವೇ ಗಡಸಾಗುತ್ತದೆ. ಬರ್ಲಿನ್ ಬಳಿಯ ನೋಯ್‌ಬಾಬೆಲ್ಸ್‌ಬರ್ಗ್‌ನಲ್ಲಿ ಆಲ್‌ಫ್ರೆಡ್ ವಿಲ್ಮ್ ಎಂಬ ಲೋಹಶಾಸ್ತ್ರಜ್ಞರು ಅಲ್ಯೂಮಿನಿಯಂಗೂ ಇದೇ ರೀತಿ ಮಾಡಿ ನೋಡುತ್ತಿದ್ದರು. 1906ರಲ್ಲಿ ಅವರು ಶೇಕಡಾ 4 ತಾಮ್ರ, ಅರ್ಧ ಶೇಕಡಾ ಮೆಗ್ನೀಸಿಯಂ ಇರುವ ತುಂಡನ್ನು ಸುಮಾರು 520 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದಿದರು. ಶನಿವಾರ ಅಳೆದಾಗ ಅದು ಮೆತ್ತಗೇ ಇತ್ತು. ಉಳಿದ ಅಳತೆ ಸೋಮವಾರಕ್ಕೆ ಬಿತ್ತು. ಸೋಮವಾರ ಅದೇ ತುಂಡು ಬಹಳ ಗಡಸಾಗಿತ್ತು! ಅಳತೆಯ ಯಂತ್ರವೇ ಕೆಟ್ಟಿರಬಹುದೆಂದು ಸಂಶಯಪಡುವಷ್ಟು ವ್ಯತ್ಯಾಸ. ಯಾರೂ ಮುಟ್ಟದೆ, ಸುಮ್ಮನೆ ಇಟ್ಟಲ್ಲೇ ಲೋಹ ಬಲಿತಿತ್ತು. ಇದರಿಂದ ಹುಟ್ಟಿದ ಡ್ಯೂರಾಲುಮಿನ್ ವಿಮಾನಗಳ ಲೋಹವಾಯಿತು. ವಿಲ್ಮ್ ಮುಂದೆ ಲೋಹದ ಕೆಲಸ ಬಿಟ್ಟು ಕೃಷಿಕರಾದರು ಎಂಬುದು ನಮಗೆ ಹಿತವಾಗುವ ಮಾತು.

ವಿಲ್ಮ್ ಅವರದು ತಗಡಾಗಿ ಬಡಿಯುವ ಲೋಹ. ಆದರೆ ಎರಕದಲ್ಲಿ ಇದೇ ಕ್ರಿಯೆ ಅದಕ್ಕೂ ಮೊದಲೇ ಯಾರಿಗೂ ತಿಳಿಯದಂತೆ ನಡೆದಿತ್ತು. ಅಮೆರಿಕದ ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಿಸಿದ ವಿಮಾನದ ಎಂಜಿನಿನ ಹೊರಕವಚ ಶೇಕಡಾ 8ರಷ್ಟು ತಾಮ್ರವಿದ್ದ ಅಲ್ಯೂಮಿನಿಯಂ ಎರಕ. ಸುಮಾರು 12 ಅಶ್ವಶಕ್ತಿಯ ಆ ಎಂಜಿನ್ ಹಗುರವಾಗಿರಲೇಬೇಕಿತ್ತು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆ ಕವಚದ ಚೂರನ್ನು ಪರೀಕ್ಷಿಸಿದಾಗ, ಒಳಗೆ ತಾಮ್ರದ ಅತಿಸೂಕ್ಷ್ಮ ಕಣಗಳು ಒತ್ತೊತ್ತಾಗಿ ಕಂಡವು. ಬೇಕೆಂದು ಹದ ಕೊಡದಿದ್ದರೂ ಲೋಹ ಅಷ್ಟರಮಟ್ಟಿಗೆ ತಾನೇ ಬಲಿತಿತ್ತು.

ಒಳಗೆ ನಡೆಯುವುದೇನು?

ಇದನ್ನು ತಿಳಿಯಲು ನಮಗೆ ಮೈಲುತುತ್ತವೇ ಸಾಕು. ತಣ್ಣೀರಿಗಿಂತ ಬಿಸಿನೀರಿನಲ್ಲಿ ಮೈಲುತುತ್ತ ಹೆಚ್ಚು ಕರಗುತ್ತದೆ. ಬಿಸಿನೀರಿನಲ್ಲಿ ಹಿಡಿಯುವಷ್ಟೂ ಕರಗಿಸಿ ರಾತ್ರಿ ಇಟ್ಟರೆ, ಆರಿದಂತೆ ಹೆಚ್ಚಾದ ಪಾಲು ಪಾತ್ರೆಯ ತಳದಲ್ಲಿ ನೀಲಿ ಹರಳಾಗಿ ಕೂರುತ್ತದೆ.

ಅಲ್ಯೂಮಿನಿಯಂನಲ್ಲಿಯೂ ಹೀಗೆಯೇ. ವ್ಯತ್ಯಾಸವೆಂದರೆ ಇಲ್ಲಿ ಲೋಹ ಗಟ್ಟಿಯಾಗಿದ್ದಾಗಲೇ ಕರಗುವಿಕೆ ನಡೆಯುತ್ತದೆ. 548 ಡಿಗ್ರಿಯಲ್ಲಿ ಗಟ್ಟಿ ಅಲ್ಯೂಮಿನಿಯಂ ಶೇಕಡಾ 5.65ರಷ್ಟು ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಸಾಧಾರಣ ಶಾಖದಲ್ಲಿ ಅರ್ಧ ಶೇಕಡಾವನ್ನೂ ಹಿಡಿದುಕೊಳ್ಳಲಾರದು. ನಿಧಾನವಾಗಿ ಆರಿದರೆ ಹೆಚ್ಚಾದ ತಾಮ್ರ ದಪ್ಪ ಕಣಗಳಾಗಿ ಅಲ್ಲೊಂದು ಇಲ್ಲೊಂದು ಕೂರುತ್ತದೆ. ತೊಟ್ಟಿಲು ಗುಂಡಿಯ ಹೋಲಿಕೆಯಲ್ಲಿ ಇದು ದೂರ ದೂರದ ದೊಡ್ಡ ಗುಂಡಿ. ಆದ್ದರಿಂದ ಹದವನ್ನು ಮೂರು ಹಂತದಲ್ಲಿ ಕೊಡುತ್ತಾರೆ. ಎಲ್‌ಎಂ 25ಕ್ಕೆ ಟಿಎಫ್ ಹದ ಕೊಡುವ ಕ್ರಮ ಹೀಗಿದೆ:

1. ಕರಗಿಸುವುದು: ಎರಕವನ್ನು ಕುಲುಮೆಯಲ್ಲಿ 525ರಿಂದ 545 ಡಿಗ್ರಿಯಲ್ಲಿ 4ರಿಂದ 12 ಗಂಟೆ ಇಡುತ್ತಾರೆ. ಎರಕದ ಆಕಾರ ಹಾಗೇ ಇರುತ್ತದೆ. ಒಳಗಿನ ಮೆಗ್ನೀಸಿಯಂ, ಅದಕ್ಕೆ ಬೇಕಾದ ಸಿಲಿಕಾನ್ ಲೋಹದೊಳಗೆ ಸಮನಾಗಿ ಹರಡುತ್ತವೆ. ಉಳಿದ ಸಿಲಿಕಾನ್ ಹರಳುಗಳ ಚೂಪು ಅಂಚುಗಳೂ ದುಂಡಾಗುತ್ತವೆ.

2. ತಣಿಸುವುದು: ಕುಲುಮೆಯಿಂದ ತೆಗೆದ ಕೆಲವೇ ಸೆಕೆಂಡುಗಳಲ್ಲಿ 70–80 ಡಿಗ್ರಿಯ ಬಿಸಿನೀರಿಗೆ ಅದ್ದುತ್ತಾರೆ. ಕರಗಿದ ಧಾತುಗಳಿಗೆ ಗುಂಪು ಕಟ್ಟಲು ಸಮಯವೇ ಸಿಗಬಾರದು. ತಣ್ಣೀರಾದರೆ ತೆಳು ಭಾಗ ಮೊದಲು, ದಪ್ಪ ಭಾಗ ಆಮೇಲೆ ಆರಿ ಎರಕ ಸೊಟ್ಟಗಾಗುವ ಭಯ. ಅದಕ್ಕೇ ಬಿಸಿನೀರು. ಈ ಹಂತದಲ್ಲಿ ಲೋಹ ಇನ್ನೂ ಪೂರ್ಣ ಬಲಿತಿರುವುದಿಲ್ಲ.

3. ಬಲಿಸುವುದು: ಮತ್ತೆ 155ರಿಂದ 175 ಡಿಗ್ರಿಯಲ್ಲಿ 8ರಿಂದ 12 ಗಂಟೆ ಇಡುತ್ತಾರೆ. ಈ ಮಂದ ಶಾಖದಲ್ಲಿ ಧಾತುಗಳು ಮೆಲ್ಲನೆ ಸರಿದು ಎಣಿಕೆಗೆ ಸಿಗದಷ್ಟು ಸೂಕ್ಷ್ಮ ಕಣಗಳಾಗಿ ಎಲ್ಲೆಡೆ ಮೂಡುತ್ತವೆ. ಹತ್ತಿರ ಹತ್ತಿರ ತೆಗೆದ ತೊಟ್ಟಿಲು ಗುಂಡಿಗಳು ಇವೇ. ಇಂಥ ಕಣಗಳು ಇವೆಯೆಂದು ತಾಮ್ರದ ಮಿಶ್ರಲೋಹದಲ್ಲಿ 1938ರಲ್ಲಿ ಫ್ರಾನ್ಸಿನ ಗಿನಿಯೇ, ಇಂಗ್ಲೆಂಡಿನ ಪ್ರೆಸ್ಟನ್ ಬೇರೆಬೇರೆಯಾಗಿ ಕ್ಷ-ಕಿರಣದಿಂದ ತೋರಿಸಿಕೊಟ್ಟರು.

ಇಷ್ಟು ಶ್ರಮಕ್ಕೆ ಸಿಗುವ ಫಲವೇನು? ಮರಳಿನ ಅಚ್ಚಿನಲ್ಲಿ ಎರೆದ ಎಲ್‌ಎಂ 25 ಹದವಿಲ್ಲದೆ ಚದರ ಮಿಲಿಮೀಟರಿಗೆ ಸುಮಾರು 13ರಿಂದ 15 ಕಿಲೋ ಎಳೆತಕ್ಕೆ ತುಂಡಾಗುತ್ತದೆ. ಟಿಎಫ್ ಹದ ಕೊಟ್ಟರೆ 23ರಿಂದ 28 ಕಿಲೋವರೆಗೆ ತಡೆಯುತ್ತದೆ. ಬಾಗದೆ ಹೊರುವ ಹೊರೆಯಂತೂ ಇಮ್ಮಡಿಗಿಂತ ಹೆಚ್ಚು. ಲೋಹ ಅದೇ, ತೂಕ ಅದೇ, ಬಣ್ಣವೂ ಅದೇ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಹದ ಮೀರಿದರೆ

ಕಾಫಿ ಹುರಿಯುವಾಗ ಹದ ಬಂದ ಮೇಲೂ ಬೆಂಕಿ ಮುಂದುವರಿಸಿದರೆ ಏನಾಗುತ್ತದೆಂದು ಬಲ್ಲೆವು. ಇಲ್ಲಿಯೂ ಹಾಗೆ. ಶಾಖ ಹೆಚ್ಚಾದರೆ ಅಥವಾ ಹೊತ್ತು ಮೀರಿದರೆ ಸಣ್ಣ ಕಣಗಳು ಕರಗಿ ದೊಡ್ಡವನ್ನು ಸೇರುತ್ತವೆ. ಕಣಗಳು ದಪ್ಪವಾಗುತ್ತವೆ, ನಡುವಿನ ಅಂತರ ಹೆಚ್ಚುತ್ತದೆ, ಬಲ ಇಳಿಯುತ್ತದೆ. ಇಳಿದದ್ದು ಆರಿದ ಮೇಲೆ ತಾನಾಗಿ ಹಿಂದಕ್ಕೆ ಬರುವುದಿಲ್ಲ.

ಕೆಲವೊಮ್ಮೆ ತಯಾರಕರು ಬೇಕೆಂದೇ ಹದವನ್ನು ಸ್ವಲ್ಪ ಮೀರಿಸುವುದುಂಟು. ಪಿಸ್ಟನ್ ಸದಾ ಬಿಸಿಯಲ್ಲಿ ಓಡಾಡುವುದರಿಂದ ಅದನ್ನು 200 ಡಿಗ್ರಿಯ ಆಸುಪಾಸಿನಲ್ಲಿ ಬಲಿಸುತ್ತಾರೆ. ತುಸು ಬಲ ಕಡಿಮೆಯಾದರೂ, ಎಂಜಿನಿನೊಳಗೆ ಹೋದ ಮೇಲೆ ಗಾತ್ರ ಬದಲಾಗಿ ಸಿಲಿಂಡರಿಗೆ ಕಚ್ಚಿಕೊಳ್ಳುವುದಿಲ್ಲ.

ನಮ್ಮ ಪಂಪಿನ ಕಾಲು ಮುರಿದದ್ದೇಕೆ?

ಈಗ ಉತ್ತರ ಸುಲಭ. ಬೆಸುಗೆಯ ಜ್ವಾಲೆ ಬಿರುಕಿನ ಸುತ್ತಲಿನ ಲೋಹವನ್ನು 155 ಡಿಗ್ರಿಗಿಂತ ಎಷ್ಟೋ ಮೇಲಕ್ಕೆ ಕಾಯಿಸಿತು. ಅಲ್ಲಿ ಒತ್ತೊತ್ತಾಗಿದ್ದ ಕಣಗಳೆಲ್ಲ ದಪ್ಪವಾದವು ಇಲ್ಲವೆ ಕರಗಿಹೋದವು. ಬೆಸುಗೆಯ ಗೆರೆ ದಪ್ಪವಾಗಿದ್ದರಿಂದ ತಡೆಯಿತು. ಪಕ್ಕದ ಪಟ್ಟಿ ಮಾತ್ರ ಹದ ಕಳೆದುಕೊಂಡು ಮೆತ್ತಗಾಗಿತ್ತು. ಪಂಪಿನ ಅದುರುವಿಕೆ ಅದನ್ನೇ ಹುಡುಕಿ ಮುರಿಯಿತು. ಬೆಸುಗೆಯವನ ಕೈಯಲ್ಲಿ ದೋಷವಿರಲಿಲ್ಲ. ಹದ ಕೊಟ್ಟ ಲೋಹಕ್ಕೆ ಮತ್ತೆ ಬೆಂಕಿ ತೋರಿಸಿದ್ದೇ ದೋಷ. ಬಲ ಮರಳಬೇಕಾದರೆ ಇಡೀ ಭಾಗವನ್ನು ಮತ್ತೆ ಮೂರು ಹಂತದ ಹದಕ್ಕೆ ಒಳಪಡಿಸಬೇಕು.

ಕಮ್ಮಾರನ ಕುಲುಮೆಯಲ್ಲಿ ಅದನ್ನು ಮಾಡಿಸಬಹುದೇ ಎಂದು ಕೇಳಬಹುದು. ಬೇಡ. ಉಕ್ಕು ಕಾದರೆ ಕೆಂಪಾಗಿ ಶಾಖ ತಿಳಿಸುತ್ತದೆ. ಅಲ್ಯೂಮಿನಿಯಂ ಹಗಲು ಬೆಳಕಿನಲ್ಲಿ ಬಣ್ಣ ಬದಲಿಸದೆಯೇ ಕುಸಿದು ಕರಗಿಬಿಡುತ್ತದೆ. 540 ಡಿಗ್ರಿಗೂ, ಹರಳುಗಳ ಅಂಚು ಕರಗಲು ತೊಡಗುವ ಶಾಖಕ್ಕೂ ಅಂತರ ಬಹಳ ಕಡಿಮೆ. ತಾಮ್ರವಿದ್ದರೆ ಇನ್ನೂ ಕಡಿಮೆ. ಅಳತೆಯ ಸಾಧನವಿರುವ ಕುಲುಮೆಯಿಲ್ಲದೆ ಇದು ಆಗದ ಕೆಲಸ. ಕರಗಿದ ಅಲ್ಯೂಮಿನಿಯಂ ಒದ್ದೆ ನೆಲಕ್ಕೆ ಬಿದ್ದರೆ ಸಿಡಿದು ಮೈಮೇಲೆ ಹಾರುತ್ತದೆ ಎಂಬುದನ್ನೂ ಮರೆಯಬಾರದು.

ಎಲ್ಲ ಎರಕಕ್ಕೂ ಹದ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಸಣ್ಣ ಎಂಜಿನುಗಳ ಹೊರಕವಚಗಳು ಹೆಚ್ಚಾಗಿ, ಒತ್ತಡದಲ್ಲಿ ಲೋಹವನ್ನು ಉಕ್ಕಿನ ಅಚ್ಚಿಗೆ ನುಗ್ಗಿಸಿ ಮಾಡಿದವು. ಅವುಗಳ ಒಳಗೆ ಸಿಕ್ಕಿಬಿದ್ದ ಗಾಳಿ, 500 ಡಿಗ್ರಿ ದಾಟಿಸಿದರೆ ಹಿಗ್ಗಿ ಮೈಯೆಲ್ಲ ಬೊಬ್ಬೆ ಏಳಿಸುತ್ತದೆ. ಆದ್ದರಿಂದ ಸಾಮಾನ್ಯವಾಗಿ ಅವಕ್ಕೆ ಪೂರ್ಣ ಹದ ಕೊಡುವುದಿಲ್ಲ. ಬೆಸುಗೆ ಹಾಕುವಾಗಲೂ ಅದೇ ಗಾಳಿ ಗುಳ್ಳೆಯಾಗಿ ಕಾಡುತ್ತದೆ. ಎಲ್‌ಎಂ 6ರಂಥ ಬರಿಯ ಸಿಲಿಕಾನ್ ಮಿಶ್ರಲೋಹಕ್ಕೂ ಹದದಿಂದ ಬಲ ಹೆಚ್ಚುವುದಿಲ್ಲ. ಅದರಲ್ಲಿ ಬಲಿಯುವ ಕಣ ಕಟ್ಟುವ ಧಾತುವೇ ಇಲ್ಲ.

ಬೆಳೆಗಾರರು ಗಮನಿಸಬೇಕಾದ ಅಂಶಗಳು

1. ಹೊರೆ ಹೊರುವ ಅಲ್ಯೂಮಿನಿಯಂ ಭಾಗ (ಕಾಲು, ಹಿಡಿಕೆಯ ಬುಡ, ಪಂಪಿನ ತಲೆ) ಮುರಿದರೆ ಬೆಸುಗೆಯನ್ನು ತಾತ್ಕಾಲಿಕ ಎಂದೇ ತಿಳಿಯಿರಿ. ಹೊಸದು ಹಾಕುವುದೇ ಸರಿ. ಹೊರೆಯಿಲ್ಲದ ಮುಚ್ಚಳ, ಕವಚಗಳಿಗೆ ಬೆಸುಗೆ ಸಾಕಾಗಬಹುದು.

2. ಬಿಡಿಭಾಗ ಕೊಳ್ಳುವಾಗ ತಯಾರಕರ ಗುರುತು ನೋಡಿ. ಎಲ್‌ಎಂ ಸಂಖ್ಯೆಯ ಮುಂದೆ ಟಿಎಫ್, ಅಥವಾ ಅಮೆರಿಕನ್ ಕ್ರಮದಲ್ಲಿ ಟಿ6 ಎಂದಿದ್ದರೆ ಪೂರ್ಣ ಹದ ಕೊಟ್ಟದ್ದು. ಎಂ ಅಥವಾ ಎಫ್ ಎಂದಿದ್ದರೆ ಎರೆದ ಹಾಗೆಯೇ ಇರುವುದು. ಹೊಳಪು ನೋಡಿ ಮೋಸಹೋಗಬೇಡಿ.

3. ಬಿಗಿದು ಕುಳಿತ ಬೇರಿಂಗ್ ತೆಗೆಯಲು ಅಲ್ಯೂಮಿನಿಯಂ ಕವಚಕ್ಕೆ ಜ್ವಾಲೆ ಹಿಡಿಯಬೇಡಿ. ಕುದಿಯುವ ನೀರು ಸುರಿದರೆ ಸಾಕಾಗುತ್ತದೆ. ಅಲ್ಯೂಮಿನಿಯಂ ಉಕ್ಕಿನ ಇಮ್ಮಡಿಯಷ್ಟು ಹಿಗ್ಗುವುದರಿಂದ ಬೇರಿಂಗ್ ಸಡಿಲವಾಗುತ್ತದೆ. 100 ಡಿಗ್ರಿಗೆ ಹದವೂ ಕೆಡುವುದಿಲ್ಲ.

4. ಗಾಳಿಯಿಂದ ತಣಿಯುವ ಎಂಜಿನಿನ ರೆಕ್ಕೆಗಳ ನಡುವೆ ಕಸ, ಎಣ್ಣೆ, ಸುಣ್ಣದ ಪುಡಿ ಕಟ್ಟಿದರೆ ಶಾಖ ಹೊರಹೋಗದು. ಎಂಜಿನ್ ಒಳಗೊಳಗೇ ಹದ ಮೀರಿ ಮೆತ್ತಗಾಗುತ್ತದೆ. ಎಂಜಿನ್ ಆರಿದ ಮೇಲೆ ಬ್ರಷ್‌ನಿಂದ ಚೊಕ್ಕಟ ಮಾಡಿ. ಕಾದ ಎಂಜಿನಿಗೆ ತಣ್ಣೀರು ಎರಚಬೇಡಿ.

5. ಸಿಂಪರಣೆ ಮುಗಿದ ಸಂಜೆಯೇ ಪಂಪಿಗೆ ಶುದ್ಧ ನೀರು ಹಾಯಿಸಿ, ಹೊರಮೈಯನ್ನೂ ತೊಳೆಯಿರಿ. ಮೈಲುತುತ್ತದ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತು ಗುಳಿ ಕೊರೆಯುತ್ತದೆ. ಸುಣ್ಣವೂ ಅದನ್ನು ತಿನ್ನುತ್ತದೆ. ಆ ಗುಳಿಗಳಿಂದಲೇ ಬಿರುಕು ಶುರುವಾಗುತ್ತದೆ.

6. ಬೋಲ್ಟು, ಸ್ಪಾರ್ಕ್ ಪ್ಲಗ್‌ಗಳನ್ನು ಉದ್ದ ಹಿಡಿಕೆ ಹಾಕಿ ಬಿಗಿಯಬೇಡಿ. ಅಲ್ಯೂಮಿನಿಯಂನ ಮರೆ ಉಕ್ಕಿನ ತಿರುಪಿಗಿಂತ ಬೇಗ ಸವೆಯುತ್ತದೆ. ಸಡಿಲ ಬಿಟ್ಟರೂ ಅದುರಿ ಕಾಲು ಬಿರುಕು ಬಿಡುತ್ತದೆ. ಆಗಾಗ ನೋಡುತ್ತಿರಿ.

ಆ ವರ್ಷದ ನಂತರ ನಾನೊಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಮೇ ತಿಂಗಳಲ್ಲಿ ಮೈಲುತುತ್ತ, ಸುಣ್ಣ ತರುವಾಗಲೇ ಸ್ಪ್ರೇಯರನ್ನು ತೊಳೆದು ಬೆಳಕಿಗೆ ಹಿಡಿದು ಕಾಲುಗಳ ಬುಡ ನೋಡುತ್ತೇನೆ. ಕೂದಲೆಳೆಯ ಬಿರುಕು ಕಂಡರೆ ಆಗಲೇ ಹೊಸದು ಹಾಕುತ್ತೇನೆ. ಹಾಕಲು ಒಂದು ಕಾಲು ಕೊಟ್ಟಿಗೆಯ ಅಟ್ಟದಲ್ಲಿ ಯಾವಾಗಲೂ ಇರುತ್ತದೆ.